ಹಿಂದೆ ಕೂತವನು ಯಾರು?

ಇದನ್ನು ಹೇಳುವುದನ್ನು ನಾನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮುಂದೂಡಿದ್ದೇನೆ. ಮೊದಲು ನೌಕರಿ ಹೋದೀತೆಂಬ ಭಯ, ಆಮೇಲೆ ಪಿಂಚಣಿ ನಿಂತೀತೆಂಬ ಭಯ. ಅವೆರಡೂ ದಾಟಿದ ಮೇಲೆ ಮಕ್ಕಳು ನನ್ನನ್ನು ಹೇಗೆ ನೋಡಿಯಾರೆಂಬ ಭಯ. ಈಗ ನನಗೆ ಎಪ್ಪತ್ತನಾಲ್ಕು. ಇನ್ನೂ ಮುಂದೂಡಿದರೆ ಹೇಳುವವನೇ ಇರುವುದಿಲ್ಲ.

1978ರಲ್ಲಿ ನಾನು ಹುನಗುಂದ ತಾಲೂಕಿನ ಒಂದು ಸಣ್ಣ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದೆ. ಠಾಣೆಯ ಹೆಸರು ಬೇಡ. ಅಲ್ಲಿ ಈಗ ಕೆಲಸ ಮಾಡುವವರು ನಮ್ಮ ತಪ್ಪಿಗೆ ಹೊಣೆಯಲ್ಲ. ರೈಟರ್ ಅಂದರೆ ಠಾಣೆಯ ದಾಖಲೆಗಳನ್ನು ಬರೆಯುವ ಕಾನ್‌ಸ್ಟೇಬಲ್. ಬಾಗಲಕೋಟೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ದುಂಡಗಿದ್ದವು. ಅದೇ ನನ್ನ ಅರ್ಹತೆ. ನನ್ನ ಮೇಲೆ ಜಮಾದಾರರು, ಅಂದರೆ ಹೆಡ್ ಕಾನ್‌ಸ್ಟೇಬಲ್. ಅವರ ಮೇಲೆ ಫೌಜದಾರರು, ಅಂದರೆ ಸಬ್ ಇನ್ಸ್‌ಪೆಕ್ಟರ್. ಸುತ್ತಲಿನ ನಾಲ್ಕು ಠಾಣೆಗಳಿಗೆ ಸೇರಿ ಒಬ್ಬ ಸರ್ಕಲ್ ಇನ್ಸ್‌ಪೆಕ್ಟರು. ಅವರನ್ನು ನಾವು ಸರ್ಕಲ್ ಸಾಹೇಬರು ಎನ್ನುತ್ತಿದ್ದೆವು.

ಆಗ ಸೈಕಲ್ಲಿನ ಮೇಲೆ ಇಬ್ಬರು ಕೂತು ಹೋಗುವುದು ಅಪರಾಧವಾಗಿತ್ತು. ಅದಕ್ಕೆ ಡಬಲ್ ರೈಡ್ ಎಂದು ಹೆಸರು. ಊರಿನಲ್ಲಿ ಡಬಲ್ ರೈಡ್ ಹೋಗದವರೇ ಇರಲಿಲ್ಲ. ಹೆಂಡತಿಯನ್ನು ದವಾಖಾನೆಗೆ ಕರೆದೊಯ್ಯುವವನು, ತಂದೆಯನ್ನು ಸಂತೆಗೆ ಕರೆದೊಯ್ಯುವವನು, ನಮ್ಮ ಜಮಾದಾರರನ್ನು ಮನೆಗೆ ಬಿಟ್ಟು ಬರುತ್ತಿದ್ದ ನಾನು, ಎಲ್ಲರೂ ಅಪರಾಧಿಗಳೇ. ಎಲ್ಲರನ್ನೂ ಹಿಡಿದರೆ ಊರೇ ಠಾಣೆಯ ಅಂಗಳದಲ್ಲಿ ನಿಲ್ಲಬೇಕು. ಯಾರನ್ನೂ ಹಿಡಿಯದಿದ್ದರೆ ತಿಂಗಳ ವರದಿಯಲ್ಲಿ ಸೊನ್ನೆ ಬರುತ್ತಿತ್ತು. ಸೊನ್ನೆ ಕಂಡರೆ ಸರ್ಕಲ್ ಸಾಹೇಬರು ಫೌಜದಾರರನ್ನು ಬಯ್ಯುತ್ತಿದ್ದರು, ಫೌಜದಾರರು ನಮ್ಮನ್ನು.

ಲಾರಿಗಳಿಗೆ ಊರೊಳಗೆ ವೇಗದ ಮಿತಿ ಇತ್ತು. ಕಲ್ಲು ಹೇರಿದ ಲಾರಿಗಳು ಅದನ್ನು ಕಣ್ಣೆದುರೇ ಮೀರುತ್ತಿದ್ದವು. ಆದರೆ ವೇಗ ಅಳೆಯಲು ನಮ್ಮಲ್ಲಿ ಯಂತ್ರವಿರಲಿಲ್ಲ. ಒಂದು ಫರ್ಲಾಂಗ್ ಅಂತರದಲ್ಲಿ ಇಬ್ಬರು ನಿಂತು, ಒಬ್ಬ ಕೈವಸ್ತ್ರ ಬೀಸಿ, ಇನ್ನೊಬ್ಬ ಗಡಿಯಾರ ನೋಡಬೇಕಿತ್ತು. ಹಾಗೆ ಮಾಡಿದ ಕೇಸು ಕೋರ್ಟಿನಲ್ಲಿ ನಿಲ್ಲುತ್ತಿರಲಿಲ್ಲ. ಲಾರಿಗೆ ಮಾಲೀಕನಿದ್ದ, ಮಾಲೀಕನಿಗೆ ವಕೀಲನಿದ್ದ. ಸೈಕಲ್ಲಿನವನಿಗೆ ಯಾರೂ ಇರಲಿಲ್ಲ. ಹಾಗಾಗಿ ತಿಂಗಳ ಪೆಟ್ಟಿ ಕೇಸುಗಳೆಂದರೆ, ಅಂದರೆ ಸಣ್ಣ ದಂಡದ ಕೇಸುಗಳೆಂದರೆ, ಸೈಕಲ್ ಕೇಸುಗಳೇ.

ಅವನ್ನೂ ನಾವು ಹಿಡಿಯುತ್ತಿರಲಿಲ್ಲ. ತಿಂಗಳ ಕೊನೆಯ ವಾರ ಜಮಾದಾರರು ಓಣಿಗಳಲ್ಲಿ ಅಡ್ಡಾಡಿ ಹೆಸರು ಕೇಳಿಕೊಂಡು ಬರುತ್ತಿದ್ದರು. ಇದಕ್ಕೆ ಪಾಳಿ ಇತ್ತು. ಈ ತಿಂಗಳು ಚಹಾದಂಗಡಿಯವರು ಇಬ್ಬರು, ಮುಂದಿನ ತಿಂಗಳು ನೇಕಾರರ ಓಣಿಯವರು ಇಬ್ಬರು. ಪಾಳಿ ಬಂದವನು ಕೋರ್ಟಿಗೆ ಹೋಗಿ ತಪ್ಪೊಪ್ಪಿ ದಂಡ ಕಟ್ಟಿ ಬರುತ್ತಿದ್ದ. ಮಿಕ್ಕವರು ತಿಂಗಳಿಡೀ ನಿಶ್ಚಿಂತೆಯಿಂದ ಇಬ್ಬಿಬ್ಬರು ಕೂತು ಹೋಗುತ್ತಿದ್ದರು. ಯಾರಿಗೂ ತೊಂದರೆಯಿಲ್ಲದ ಏರ್ಪಾಡು ಎಂದು ನಾವೆಲ್ಲ ನಂಬಿದ್ದೆವು.

ತಾರೀಖು, ವೇಳೆ, ಜಾಗ ಕಲ್ಪಿಸುವುದು ನನ್ನ ಕೆಲಸ. ಒಂದು ಕೇಸು ಇನ್ನೊಂದರಂತೆ ಕಾಣದ ಹಾಗೆ ಬರೆಯುತ್ತೇನೆಂದು ನನಗೆ ಹೆಮ್ಮೆಯೂ ಇತ್ತು. ಒಂದು ವಾಕ್ಯ ಮಾತ್ರ ಎಲ್ಲದರಲ್ಲೂ ಒಂದೇ: "ಹಿಂದೆ ಕೂತ ಅಪರಿಚಿತ ಇಸಮು ಪೊಲೀಸರನ್ನು ಕಂಡು ಓಡಿಹೋಗಿರುತ್ತಾನೆ." ಇಸಮು ಅಂದರೆ ನಮ್ಮ ಠಾಣೆಯ ಭಾಷೆಯಲ್ಲಿ ವ್ಯಕ್ತಿ. ಹಿಂದೆ ಕೂತವನ ಹೆಸರು ಬರೆದರೆ ಅವನನ್ನೂ ಕೋರ್ಟಿಗೆ ಕರೆತರಬೇಕಲ್ಲ, ಅದಕ್ಕೆ ಅವನನ್ನು ಓಡಿಸಿಬಿಡುತ್ತಿದ್ದೆವು.

ಆ ವರ್ಷ ಫೆಬ್ರವರಿಯಲ್ಲಿ ನೇಕಾರರ ಓಣಿಯ ಪಾಳಿ. ಆ ಓಣಿಯವರು ಇಳಕಲ್ಲಿನ ವ್ಯಾಪಾರಿಗಳಿಗೆ ಸೀರೆ ನೇಯ್ದು ಕೊಡುತ್ತಿದ್ದರು. ಪಾಳಿಗೆ ಬಂದವರಲ್ಲಿ ಒಬ್ಬ ನಲವತ್ತರ ಹತ್ತಿರದ ನೇಕಾರ, ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ. ನಾನು ಹೆಸರು ಬರೆದುಕೊಳ್ಳುತ್ತಿರುವಾಗ ಆತ ನಕ್ಕ.

"ನನಗ ಸೈಕಲ್ ಹೊಡ್ಯಾಕ ಬರಂಗಿಲ್ರಿ ರೈಟರ್ ಸಾಹೇಬ್ರ."

"ಹೊಡಿ ಅಂತ ಯಾರ್ ಅಂದ್ರೋ?" ಎಂದರು ಜಮಾದಾರರು. "ತಪ್ಪಾತು ಅನ್ನಾಕ ಬರ್ತದಿಲ್ಲೊ?"

"ಅದೇನ್ರಿ, ಲಗ್ನ ಆದಾಗಿಂದ ರೂಢಿ ಆಗೇತಿ."

ಎಲ್ಲರೂ ನಕ್ಕೆವು. ನಾನು ಬರೆದೆ: ಫೆಬ್ರವರಿ 23, ಸಂಜೆ ನಾಲ್ಕು ಗಂಟೆ, ಕಮತಗಿ ರಸ್ತೆಯ ಸೇತುವೆಯ ಹತ್ತಿರ. ಆ ದಿನ ಜಮಾದಾರರ ಗಸ್ತು ಅಲ್ಲಿತ್ತು, ಅವರ ಪುಸ್ತಕಕ್ಕೆ ಹೊಂದುತ್ತಿತ್ತು. ಬೇರೆ ಕಾರಣವಿರಲಿಲ್ಲ. ಮರುದಿನ ಆತ ಕೋರ್ಟಿನಲ್ಲಿ ಕೈಕಟ್ಟಿ ನಿಂತು ಹೂನ್ರಿ ಎಂದ, ದಂಡ ಕಟ್ಟಿ ಮಗ್ಗಕ್ಕೆ ಮರಳಿದ.

ಮಾರ್ಚ್ ಎರಡನೇ ತಾರೀಖು ಸರ್ಕಲ್ ಸಾಹೇಬರ ಜೀಪು ಬಂತು. ಫೆಬ್ರವರಿ 23ರಂದೇ ಮಧ್ಯಾಹ್ನ ಮೂರರ ಸುಮಾರಿಗೆ, ಪಕ್ಕದ ಠಾಣೆಯ ಹದ್ದಿನಲ್ಲಿ, ಅದೇ ಕಮತಗಿ ರಸ್ತೆಯಲ್ಲಿ ನೂಲಿನ ಅಂಗಡಿಯ ಒಬ್ಬ ಗುಮಾಸ್ತನ ತಲೆಗೆ ಹೊಡೆದು ರೇಷ್ಮೆ ನೂಲಿನ ಚೀಲ ಕಸಿದಿದ್ದರು. ಕಸಿದವರು ಇಬ್ಬರು, ಒಂದೇ ಸೈಕಲ್ಲಿನ ಮೇಲೆ ನಮ್ಮ ಕಡೆಗೆ ಬಂದಿದ್ದರು. ಗುಮಾಸ್ತ ಬಾಗಲಕೋಟೆಯ ದವಾಖಾನೆಯಲ್ಲಿ ಮಾತಿಲ್ಲದೆ ಮಲಗಿದ್ದ. ಸುದ್ದಿ ನಮಗೂ ಬಂದಿತ್ತು. ಪಕ್ಕದ ಠಾಣೆಯ ತಲೆನೋವೆಂದು ಬಿಟ್ಟಿದ್ದೆವು. ತಾರೀಖನ್ನು ಸಹ ನಾನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಸಾಹೇಬರು ನನ್ನ ಪೆಟ್ಟಿ ಕೇಸಿನ ರಿಜಿಸ್ಟರ್ ತರಿಸಿ ಬೆರಳಿಟ್ಟು ಓದಿದರು. ಅದೇ ದಿನ, ಅದೇ ರಸ್ತೆ, ಒಂದು ತಾಸಿನ ನಂತರ ಸೈಕಲ್ಲಿನ ಮೇಲೆ ಇಬ್ಬರು. ಹಿಂದೆ ಕೂತವನು ಪೊಲೀಸರನ್ನು ಕಂಡು ಓಡಿಹೋಗಿರುತ್ತಾನೆ. ಮುಂದಿನವನು ರೇಷ್ಮೆಯ ಬೆಲೆ ಬಲ್ಲ ನೇಕಾರ, ಮೇಲಾಗಿ ನ್ಯಾಯಾಧೀಶರ ಮುಂದೆ ಎಲ್ಲವನ್ನೂ ಒಪ್ಪಿಕೊಂಡವನು.

"ಸಬಾಶ್ ರೈಟರ್" ಎಂದರು ಸಾಹೇಬರು.

ಸುಳ್ಳು ದಾಖಲೆ ಬರೆದ ಸರ್ಕಾರಿ ನೌಕರನಿಗೆ ಜೈಲು ಎಂಬುದನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ನಾನು ಜಮಾದಾರರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅಂದು ಮಧ್ಯಾಹ್ನವೇ ನೇಕಾರನನ್ನು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಎಬ್ಬಿಸಿ ತಂದರು.

ಕೇಳಿದ್ದು ಒಂದೇ ಪ್ರಶ್ನೆ. ಹಿಂದೆ ಕೂತವನು ಯಾರು? ಇಲ್ಲದವನ ಹೆಸರು ಹೇಳುವುದು ಹೇಗೆ? ಆತ ಮೊದಲ ದಿನ ಅದು ಬರೀ ಪಾಳಿಯ ಕೇಸು, ತಾನು ಆ ದಿನ ಮನೆಯಲ್ಲೇ ನೇಯುತ್ತಿದ್ದೆ ಎಂದ. ಹಾಗಾದರೆ ಸುಳ್ಳು ಬರೆದವರು ಯಾರೆಂದು ಸಾಹೇಬರು ಗದರಿದರು. ನಾನು ಅಲ್ಲೇ ಮೇಜಿನ ಹತ್ತಿರ ಪೆನ್ನು ಹಿಡಿದು ನಿಂತಿದ್ದೆ. ಆತ ನನ್ನ ಕಡೆ ನೋಡಿದ. ನೆನಪಿಲ್ರಿ ಎಂದುಬಿಟ್ಟ.

ಹೆಂಡತಿ ಬಂದು ಗಂಡ ಆ ದಿನ ಮಗ್ಗ ಬಿಟ್ಟು ಎದ್ದಿಲ್ಲವೆಂದು ಅತ್ತಳು. ಹೆಂಡತಿಯ ಮಾತಿಗೆ ಬೆಲೆ ಕೊಡಲಿಲ್ಲ. ಓಣಿಯವರು ಯಾರೂ ಬರಲಿಲ್ಲ. ಬಂದರೆ ತಮ್ಮನ್ನೇ ಹಿಂದೆ ಕೂತವನು ಎಂದಾರೆಂಬ ಅಂಜಿಕೆ. ಹಿಡಿದವನನ್ನು ಇಪ್ಪತ್ನಾಲ್ಕು ತಾಸಿನೊಳಗೆ ಕೋರ್ಟಿಗೆ ಒಪ್ಪಿಸಬೇಕೆಂಬ ಕಾನೂನೂ ಇತ್ತು. ಬಂಧನವನ್ನೇ ಬರೆಯದಿದ್ದರೆ ತಾಸು ಎಣಿಸುವವರು ಯಾರು? ಆತನ ಹೆಸರು ಬಂಧನದ ಪುಸ್ತಕದಲ್ಲಿ ಇರಲಿಲ್ಲ. ಬರೆಯಬೇಡ ಎಂದಿದ್ದರು, ನಾನು ಬರೆಯಲಿಲ್ಲ.

ಮೂರನೇ ದಿನ ಊಟದ ತಟ್ಟೆ ಕೊಡುವಾಗ ನಾವಿಬ್ಬರೇ ಇದ್ದೆವು. ಆತ ಮೆಲ್ಲಗೆ ಹೇಳಿದ:

"ನಾ ಹೇಳಿದ್ರ ನಿಮ್ಮ ನೌಕರಿ ಹೋಗ್ತದ್ರಿ. ನೀವ ಹೋಗಿ ಹೇಳಿದ್ರ ಸಾಹೇಬ್ರು ಬೈದು ಬಿಟ್ಟಾರು. ಅದಕ್ಕ ಸುಮ್ನ ಕುಂತೇನಿ. ಇವತ್ತ ಹೇಳ್ತೀರಲ್ರಿ?"

ನಾನು ಹೂಂ ಎಂದೆ. ಆ ಹೂಂ ಸಹ ಸುಳ್ಳೆಂದು ಆಗ ನನಗೆ ಗೊತ್ತಿರಲಿಲ್ಲ. ಹೇಳಬೇಕೆಂದೇ ಹೊರಗೆ ಬಂದೆ. ಜಮಾದಾರರು ನನ್ನ ಮುಖ ನೋಡಿಯೇ ತಿಳಿದುಕೊಂಡು ಹಿತ್ತಲಿಗೆ ಕರೆದರು.

"ಲೇ ತಮ್ಮಾ, ಇದೊಂದ ಕೇಸಲ್ಲ. ಒಂದು ಸುಳ್ಳು ಅಂದಿ ಅಂದ್ರ ಹಿಂದಿನ ಆರು ವರ್ಷದ್ದು ತಗೀತಾರ. ನಾ, ನೀ, ಫೌಜದಾರ್ರು, ಎಲ್ಲಾರೂ ಒಳಗ. ನನ್ನ ಮೂರು ಹೆಣ್ಮಕ್ಕಳ ಮುಖ ನೋಡು. ಆ ಗುಮಾಸ್ತ ಮಾತಾಡ್ಲಿ, ತಾನ ಬಿಡ್ತಾರ."

ಗುಮಾಸ್ತ ಸತ್ತರೆ? ಎಂದು ಕೇಳಿದೆ. ಅವರು ಒಳಗೆ ಹೋದರು. ಸತ್ತರೆ ಅದು ಕೊಲೆ ಕೇಸು, ಮತ್ತು ಅದರಲ್ಲಿ ಇದ್ದ ಸಾಕ್ಷಿ ನನ್ನ ಅಕ್ಷರ ಒಂದೇ.

ಮರುದಿನ ಬೆಳಿಗ್ಗೆ ನೇಕಾರ ಸಾಹೇಬರ ಮುಂದೆ ತನಗೆ ಸೈಕಲ್ಲೇ ಬರುವುದಿಲ್ಲ ಎಂದ. ಬಹುಶಃ ನಾನು ಹೇಳುವುದಿಲ್ಲವೆಂದು ಅಷ್ಟೊತ್ತಿಗೆ ತಿಳಿದಿರಬೇಕು. ಸಾಹೇಬರು ಠಾಣೆಯ ಸೈಕಲ್ ಅಂಗಳಕ್ಕೆ ತರಿಸಿದರು. ನನಗೆ ಹಿಂದಿನ ಕ್ಯಾರಿಯರ್ ಹಿಡಿಯಲು ಹೇಳಿದರು. ಆತನನ್ನು ಹತ್ತಿಸಿದರು. ಧೋತರ ಮೊಳಕಾಲ ಮೇಲಕ್ಕೆ ಸರಿದಿತ್ತು, ಪಾದಗಳು ಪೆಡಲ್ ಹುಡುಕುತ್ತಿದ್ದವು. ಹ್ಯಾಂಡಲ್ಲನ್ನು ಆತ ಹಿಡಿದ ರೀತಿ ನೋಡಿದರೆ ಸಾಕಿತ್ತು. ಹುಟ್ಟಿದಾರಭ್ಯ ಸೈಕಲ್ ಮುಟ್ಟದವನು ಎಂದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ನನ್ನ ಕೈಗಳಿಗೆ ಆತನ ಮೈಯ ನಡುಕ ಕ್ಯಾರಿಯರಿನ ಕಬ್ಬಿಣದ ಮೂಲಕ ಬರುತ್ತಿತ್ತು.

"ದೂಡು" ಎಂದರು ಸಾಹೇಬರು. ದೂಡಿದೆ. ಹತ್ತು ಹೆಜ್ಜೆ ಓಡಿದೆ. "ಬಿಡಬ್ಯಾಡ್ರಿ" ಎಂದು ಆತ ಸಣ್ಣ ದನಿಯಲ್ಲಿ ಹೇಳಿದ್ದು ನನಗೊಬ್ಬನಿಗೇ ಕೇಳಿಸಿತು. "ಬಿಡು" ಎಂದು ಸಾಹೇಬರು ಹೇಳಿದ್ದು ಎಲ್ಲರಿಗೂ ಕೇಳಿಸಿತು.

ನಾನು ಬಿಟ್ಟೆ.

ಧ್ವಜಕಂಬದ ಕಟ್ಟೆಗೆ ಬಡಿದು ಬಿದ್ದ. ಬಲ ಮುಂಗೈ ಕೆಳಗೆ ಸಿಕ್ಕಿತು. ಸಾಹೇಬರು ಚಲೋ ನಾಟಕ ಮಾಡ್ತೀಯ ಎಂದು ಒಳಗೆ ಹೋದರು. ಕೈ ಒಂದು ತಾಸಿನಲ್ಲಿ ಊದಿಕೊಂಡಿತು. ದವಾಖಾನೆಗೆ ಕಳಿಸಿದರೆ ಡಾಕ್ಟರು ಬರೆದಿಡುತ್ತಾರೆ, ಬರೆದಿಟ್ಟರೆ ಬಂಧನ ಗೊತ್ತಾಗುತ್ತದೆ. ಆದ್ದರಿಂದ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದರು. ಕಟ್ಟಿದವನು ನಾನೇ. ಆಮೇಲೆ ಆತ ನನ್ನ ಜೊತೆ ಮಾತಾಡಲಿಲ್ಲ. ನನ್ನ ಹೆಸರನ್ನೂ ಯಾರಿಗೂ ಹೇಳಲಿಲ್ಲ. ಯಾಕೆಂದು ಇಂದಿಗೂ ನನಗೆ ತಿಳಿದಿಲ್ಲ.

ಆ ದಿನಗಳಲ್ಲಿ ಟೆಲಿಫೋನಿನ ಗಂಟೆ ಬಾರಿಸಿದರೆ ಗುಮಾಸ್ತ ಸತ್ತ ಸುದ್ದಿಯೇ ಎಂದು ಅಂಜುತ್ತಿದ್ದೆ. ಆ ಗುಮಾಸ್ತ ಬದುಕಲಿ ಎಂದು ಬೇಡಿಕೊಂಡೆ. ಗುಮಾಸ್ತನಿಗಾಗಿ ಬೇಡಿಕೊಳ್ಳಲಿಲ್ಲ, ನೇಕಾರನಿಗಾಗಿಯೂ ಅಲ್ಲ. ಇದನ್ನು ಬರೆಯಲು ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಮಾರ್ಚ್ ಹತ್ತರಂದು ಗುಮಾಸ್ತನಿಗೆ ಮಾತು ಮರಳಿತು. ನೇಕಾರನ ಹೆಸರು ಕೇಳಿದ ಕೂಡಲೇ, ಅವರನ್ನು ತಾನು ಬಲ್ಲೆ, ತನ್ನ ಅಂಗಡಿಯಿಂದಲೇ ನೂಲು ಒಯ್ಯುವವರು, ಅವರಲ್ಲ ಎಂದನಂತೆ. ಹೊಡೆದವರು ಇಪ್ಪತ್ತರ ಹರೆಯದವರು, ಊರಿನ ಮಂದಿಯಲ್ಲ. ಅಂದು ಸಂಜೆ ನೇಕಾರನನ್ನು ಬಿಟ್ಟರು. ಬಂಧಿಸಿದ ದಾಖಲೆ ಇರಲಿಲ್ಲ, ಬಿಟ್ಟ ದಾಖಲೆಯೂ ಬೇಕಾಗಲಿಲ್ಲ. ಎಂಟು ದಿನ ಆತ ನಮ್ಮಲ್ಲಿ ಇರಲೇ ಇಲ್ಲ ಎಂಬಂತಾಯಿತು. ಸರ್ಕಲ್ ಸಾಹೇಬರು ಹೋಗುವ ಮುನ್ನ ರಿಜಿಸ್ಟರ್ ನನ್ನ ಮೇಜಿನ ಮೇಲೆ ಒಗೆದು, ಜಾಗ ನೋಡಿ ಬರೀ ಎಂದರು. ಅವರೂ ಕೆಳಗಿನ ಹುದ್ದೆಯಿಂದ ಮೇಲೆ ಬಂದವರು. ಪೆಟ್ಟಿ ಕೇಸು ಹೇಗೆ ಹುಟ್ಟುತ್ತವೆಂದು ಅವರಿಗೆ ಮೊದಲ ದಿನವೇ ಗೊತ್ತಿತ್ತೆಂದು ನನಗೆ ಆಗ ಹೊಳೆಯಿತು.

ಆ ತಿಂಗಳ ಕೊನೆಗೆ ಚಹಾದಂಗಡಿಯವರ ಪಾಳಿ. ಕೇಸು ಬರೆದೆ. ಹಿಂದೆ ಕೂತವನನ್ನು ಮತ್ತೆ ಓಡಿಸಿದೆ.

ಅದೇ ವರ್ಷ ಬಾದಾಮಿಯ ಕಡೆಗೆ ವರ್ಗ ಬೇಡಿಕೊಂಡು ಹೋದೆ. 1986ರಲ್ಲಿ ತಂಗಿಯ ಮದುವೆಯ ಸೀರೆ ತರುವ ನೆಪ ಮಾಡಿಕೊಂಡು ನೇಕಾರರ ಓಣಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಆತ ಕಟ್ಟೆಯ ಮೇಲೆ ಕೂತು ಎಡಗೈಯಿಂದ ರಾಟೆ ತಿರುವಿ, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಅದು ಆ ಓಣಿಯಲ್ಲಿ ಮುದುಕಿಯರು ಮಾಡುವ ಕೆಲಸ. ಬಲ ಮುಂಗೈ ಸೊಟ್ಟಗೆ ಕೂಡಿಕೊಂಡಿತ್ತು. ಲಾಳಿ ಎಸೆಯಲು ಆ ಕೈಗೆ ಆಗುತ್ತಿರಲಿಲ್ಲ. ಮಗ್ಗದಲ್ಲಿ ಹೆಂಡತಿ ಕೂತಿದ್ದಳು. ಆಕೆ ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

ಆತ ಗುರುತು ಹಿಡಿದ. ಬರ್ರಿ ಎಂದು ಚಾಪೆ ಹಾಸಿಸಿ ಚಹಾ ತರಿಸಿದ. ನಾನು ಸೀರೆಯ ಬಣ್ಣ ಕೇಳಿದೆ, ಸೆರಗು ಕೇಳಿದೆ, ಮಳೆ ಕೇಳಿದೆ. ಕೈಯ ಕಡೆ ನೋಡಲಿಲ್ಲ. ಎದ್ದು ಹೊರಟಾಗ ಆತ ಕೇಳಿದ:

"ಈಗ ಯಾರ ಹೆಸರೀಲೆ ಬರೀತೀರಿ ರೈಟರ್ ಸಾಹೇಬ್ರ?"

ಬಯ್ದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ಚೇಷ್ಟೆ ಮಾಡುವ ದನಿಯಲ್ಲೇ ಕೇಳಿದ. ನಾನು ನಕ್ಕು, ಬಸ್ಸಿಗೆ ಹೊತ್ತಾಯಿತು ಎಂದು ಬಂದುಬಿಟ್ಟೆ.

ಮೂವತ್ತೈದು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು. ಕೆಲವು ಕಾನೂನುಗಳನ್ನು ಸಡಿಲ ಬಿಡುವುದು ದಯೆಯಿಂದಲ್ಲ. ಬಿಗಿ ಮಾಡಿದರೆ ನಮಗೂ ನಮ್ಮ ಮೇಲಿನವರಿಗೂ ಬಿಸಿ ತಟ್ಟುತ್ತದೆ, ರದ್ದು ಮಾಡಲು ಯಾರಿಗೂ ಪುರುಸೊತ್ತಿಲ್ಲ, ಅಷ್ಟೇ. ಹಾಗೆ ಬಿಟ್ಟ ಕಾನೂನು ಸತ್ತುಹೋಗುವುದಿಲ್ಲ. ಬೇಕಾದ ದಿನ ಅದನ್ನು ಎತ್ತಿಕೊಳ್ಳಬಹುದು. ಎತ್ತಿಕೊಂಡಾಗ ಅದು ತಪ್ಪು ಮಾಡಿದವನನ್ನು ಹುಡುಕಿಕೊಂಡು ಹೋಗುವುದಿಲ್ಲ, ತಕರಾರು ಮಾಡದವನ ಮನೆ ಬಾಗಿಲಿಗೆ ಹೋಗುತ್ತದೆ. ಆ ಬಾಗಿಲು ತೋರಿಸುವವರು ನನ್ನಂಥವರು.

ಆತ ತೀರಿಕೊಂಡು ಬಹಳ ವರ್ಷಗಳಾದವೆಂದು ನಾನು ನಿವೃತ್ತನಾದ ಮೇಲೆ ತಿಳಿಯಿತು. ಇನ್ನು ಕೇಳುವುದಕ್ಕೆ ಯಾರೂ ಉಳಿದಿಲ್ಲ. ನಾನು ಕೈ ಬಿಟ್ಟ, ಆಮೇಲೆ ಕ್ಷಮೆ ಕೇಳದೆ ಚಹಾ ಕುಡಿದು ಬಂದ ಆ ನೇಕಾರರ ಹೆಸರು ಸಂಗಪ್ಪ.