ಬೀಪ್ ಬೀಪ್ ಎಂದ ಪೆಟ್ಟಿಗೆ

ಕಳೆದ ವರ್ಷ ಚೌತಿಗೆ ಇನ್ನು ಮೂರು ವಾರ ಇರುವಾಗ ನಡೆದದ್ದಿದು. ಡೊಂಬಿವಲಿಯಲ್ಲಿ ನಮ್ಮದು ಸಣ್ಣ ಫ್ಲಾಟು. ಯಜಮಾನರು ಠಾಣೆ ಪಟ್ಟಣದ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರು. ನಾನು ದೋಸೆ ಹಿಟ್ಟು ರುಬ್ಬಿ ಬಿಲ್ಡಿಂಗಿನವರಿಗೆ ಮಾರುತ್ತೇನೆ.

ಅದಕ್ಕೂ ಎರಡು ವರ್ಷ ಮೊದಲು ಯಜಮಾನರಿಗೆ ಗಂಟಲಿನ ಕ್ಯಾನ್ಸರ್ ಆಗಿ, ಆಪರೇಶನ್ ಮಾಡಿದರೆ ಸ್ವರ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಪರೇಶನ್ನಿಗೆ ಹತ್ತು ದಿನ ಇತ್ತು. ಸೀವುಡ್ಸಿನಲ್ಲಿರುವ ಮಗಳು ಅಶ್ವಿನಿ ರಜೆ ಹಾಕಿ ಬಂದು, "ಪಪ್ಪಾ, ಕುಚ್ ಭೀ ಬೋಲೋ" ಎನ್ನುತ್ತ, ಏನಾದರೂ ಮಾತಾಡಿದರೆ ರೆಕಾರ್ಡ್ ಮಾಡೋಣವೆಂದು ಮೊಬೈಲ್ ಹಿಡಿದು ಅವರ ಹಿಂದೆಯೇ ತಿರುಗಿದಳು. ಅವರು ಮಗ್ಗಿ ಹೇಳಿದರು, ಹೋಟೆಲಿನ ತಿಂಡಿಗಳ ಹೆಸರು ಒಪ್ಪಿಸಿದರು, ನಡುನಡುವೆ ನನ್ನನ್ನು ಬೈದರು. ಅಶ್ವಿನಿ ಅದನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿಸಿಟ್ಟಳು. ವೈಫೈಗೆ ಜೋಡಿಸುವ, ಒಳಗೆ ಎರಡು ಹಾರ್ಡ್ ಡಿಸ್ಕ್ ಇರುವ ಪೆಟ್ಟಿಗೆ. ವೈಫೈ ಡಬ್ಬಿ ಇದ್ದದ್ದು ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆಯ ಮೂಲೆಯಲ್ಲಿ. ಇದೂ ಅಲ್ಲೇ ಕೂತಿತು. ಆಪರೇಶನ್ ಆಗಿ ಯಜಮಾನರು ಉಳಿದರು, ಸ್ವರ ಹೋಯಿತು; ಆಮೇಲೆ ಅವರ ಮಾತೆಲ್ಲ ಕೈಸನ್ನೆಯಲ್ಲಿ, ಚೀಟಿಯಲ್ಲಿ.

ಒಂದು ದಿನ ಸಂಜೆ ಪೆಟ್ಟಿಗೆ ಬೀಪ್ ಬೀಪ್ ಎಂದು ಕೂಗತೊಡಗಿತು. ಹಸಿರು ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಶ್ವಿನಿಗೆ ಫೋನ್ ಮಾಡಿದರೆ, "ಅಮ್ಮಾ, ಟೆನ್ಶನ್ ಮತ್ ಲೋ, ದೋ ಡಿಸ್ಕ್ ಹೈ ನಾ" ಎಂದಳು. ಎರಡರಲ್ಲೂ ಒಂದೇ ಇರುವುದಂತೆ, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದಂತೆ. ಟೆನ್ಶನ್ ಬೇಡ ಅಂದರೆ ಬಿಡುತ್ತದೆಯೇ? ನಮ್ಮ ಬಿಲ್ಡಿಂಗಿನ ಕ್ಯಾಮೆರಾ ನೋಡಿಕೊಳ್ಳುವ ಬಸಣ್ಣನನ್ನು ಕರೆಸಿದೆ. ಕಲಬುರಗಿ ಕಡೆಯವನು, ಟಿಟ್ವಾಳಾದಲ್ಲಿ ಮನೆ. ಮೊದಲು ಲೋಡಿಂಗ್ ಕೆಲಸ ಮಾಡುತ್ತಿದ್ದವನು ಕಂಪ್ಯೂಟರ್ ರಿಪೇರಿಯನ್ನು ತಾನೇ ಕಲಿತಿದ್ದಾನೆ.

ಅವನು ಲ್ಯಾಪ್‌ಟಾಪ್ ಜೋಡಿಸಿ ನೋಡಿ, "ಅಕ್ಕಾರ, ಎರಡರಾಗ ಒಂದು ಡಿಸ್ಕ್ ಸತ್ತದ್ರಿ. ಇನ್ನೊಂದ್ರಾಗ ಜೀವ ಅದ. ಅದೂ ಹೋದ್ರ ಅಣ್ಣಾರ ದನಿ ಹೋದಂಗ. ಬ್ಯಾರೆ ಎಲ್ಲೆರೆ ಕಾಪಿ ಇಟ್ಟೀರೇನು?" ಎಂದ.

ಎಲ್ಲಿಂದ ಇಡುವುದು? ರೆಕಾರ್ಡ್ ಮಾಡಿದ ಮೊಬೈಲನ್ನು ಮಗಳು ಎಕ್ಸ್‌ಚೇಂಜಿಗೆ ಕೊಟ್ಟು ವರ್ಷವಾಗಿತ್ತು.

ಸತ್ತದ್ದರ ಜಾಗಕ್ಕೆ ಬಸಣ್ಣ ಹೊಸ ಡಿಸ್ಕ್ ತಂದು ಹಾಕಿ, ಮಧ್ಯಾಹ್ನ ಕಾಪಿ ಶುರು ಮಾಡಿಸಿ ಹೋದ. ಸಂಜೆ ಬೀಪ್ ಬೀಪ್! ಅರ್ಧಕ್ಕೇ ನಿಂತಿತ್ತು. ಎರಡು ದಿನ ಬಿಟ್ಟು ಬಂದು ಮತ್ತೆ ಶುರು ಮಾಡಿದ. ಸಂಜೆ ಮತ್ತೆ ಅದೇ ರಾಗ. ಈ ಸಲ ಹೊಸ ಡಿಸ್ಕಿನಲ್ಲೂ ತಪ್ಪು ತೋರಿಸುತ್ತಿತ್ತು. "ಹಳೇದು ಕೆಡ್ತದ, ಒಪ್ಪತೀನಿ. ಹೊಸಾದು ಹೆಂಗ ಕೆಡ್ತದ್ರಿ?" ಎಂದು ಬಸಣ್ಣ ತಲೆ ಕೆರೆದುಕೊಂಡ. ತಾನು ಮತ್ತೆ ಬರುವವರೆಗೆ ಪೆಟ್ಟಿಗೆ ಬಂದ್ ಇಡಿ ಎಂದ.

ಯಜಮಾನರಿಗೆ ಹೋಟೆಲಿನ ಒಂದು ಅಭ್ಯಾಸ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಗಂಟೆ ಎಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲೇಬೇಕು. ಬೀಪ್ ಆದದ್ದನ್ನೂ ಬರೆದಿದ್ದರು. ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದರು: ನಾಲ್ಕೂ ಹತ್ತು, ನಾಲ್ಕೂ ಇಪ್ಪತ್ತು, ನಾಲ್ಕೂಕಾಲು.

ಅಬ್ಬಾ, ಮೂರು ಸಲವೂ ನಾಲ್ಕರ ಮೇಲೆಯೇ! ನಾಲ್ಕಕ್ಕೆ ನಮ್ಮಲ್ಲಿ ಏನಾಗುತ್ತದೆ? ನೀರು ಬಿಡುತ್ತಾರೆ. ಪಂಪ್ ಹಾಕುತ್ತಾರೆ. "ಸಿಕ್ಕಿತು! ಪಂಪ್ ಹಾಕಿದಾಗ ಕರೆಂಟ್ ಕುಸಿಯುತ್ತದೆ, ಅದೇ ಕಾರಣ" ಎಂದು ನಾನು ಪತ್ತೇದಾರರ ಗತ್ತಿನಲ್ಲಿ ಹೇಳಿದೆ. ಬಸಣ್ಣ ಬಂದು ಪೆಟ್ಟಿಗೆ ಚಾಲೂ ಮಾಡಿ, ವಾಚ್‌ಮನ್ ಹತ್ತಿರ ಬೆಳಿಗ್ಗೆಯೇ ಪಂಪ್ ಹಾಕಿಸಿದ. ಕರೆಂಟೂ ಕುಸಿಯಲಿಲ್ಲ, ಬೀಪೂ ಆಗಲಿಲ್ಲ. ನನ್ನ ಗತ್ತು ಇಳಿಯಿತು.

ಆಗ ಯಜಮಾನರು ಮೆಲ್ಲಗೆ ಬೆರಳೆತ್ತಿ ನನ್ನ ಗ್ರೈಂಡರ್ ತೋರಿಸಿದರು.

"ಎಂತ ಮಾರಾಯ್ರೆ, ಎಲ್ಲದಕ್ಕೂ ನನ್ನ ಗ್ರೈಂಡರೇ ಸಿಗುದಾ ನಿಮಗೆ?" ಎಂದು ಸಿಡುಕಿದೆ. ಆದರೆ ಬಸಣ್ಣ ಕಡಪ ಕಲ್ಲಿನ ಮೇಲೆ ಅಂಗೈ ಊರಿ, "ಅಕ್ಕಾರ, ನೀವು ಯಾವಾಗ ರುಬ್ಬತೀರಿ?" ಎಂದ.

ನೀರು ಬಂದ ಕೂಡಲೇ. ನಾಲ್ಕಕ್ಕೆ. ಆರ್ಡರ್ ಹೆಚ್ಚಾಯಿತೆಂದು ಎರಡು ತಿಂಗಳ ಹಿಂದಷ್ಟೇ ದೊಡ್ಡ ಗ್ರೈಂಡರ್ ತಂದು ಅದೇ ಕಟ್ಟೆಯ ಮೇಲೆ ಇಟ್ಟಿದ್ದೆ.

ಬಸಣ್ಣ ಸ್ವರವಿದ್ದ ಹಳೆಯ ಡಿಸ್ಕನ್ನು ಹೊರಗೆ ತೆಗೆದು, ಟವೆಲಿನಲ್ಲಿ ಸುತ್ತಿ ಯಜಮಾನರ ಕೈಗೆ ಕೊಟ್ಟ. ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತರು. ಬಸಣ್ಣ ಹೊಸ ಡಿಸ್ಕ್ ಒಂದನ್ನೇ ಓಡಿಸುತ್ತ, "ಚಾಲೂ ಮಾಡ್ರಿ" ಎಂದ. ನಾನು ನೆನೆಸಿಟ್ಟ ಉದ್ದು ಹಾಕಿ ಸ್ವಿಚ್ ಒತ್ತಿದೆ. ಮೂವರೂ ಉಸಿರು ಬಿಗಿಹಿಡಿದು ದೀಪವನ್ನೇ ನೋಡಿದೆವು. ಉದ್ದು ಇನ್ನೂ ತರಿತರಿ ಇತ್ತು, ಅಷ್ಟರಲ್ಲಿ ಬೀಪ್!

"ಸಿಕ್ಕಿತ್ ನೋಡ್ರಿ ಕಳ್ಳ! ಕಲ್ಲು ನಡುಗಿದ್ರ ಡಿಸ್ಕಿಗೆ ಓದಾಕ ಆಗಂಗಿಲ್ರಿ" ಎಂದು ಬಸಣ್ಣ ಕುಣಿದ. ಯಜಮಾನರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅಳು ಒತ್ತಿ ಬಂತು. ಉಳಿದಿದ್ದ ಅಷ್ಟು ಸ್ವರವನ್ನು ಎರಡು ತಿಂಗಳಿಂದ ದಿನಾ ಸಂಜೆ ನಾನೇ ಗಡಗಡ ನಡುಗಿಸುತ್ತಿದ್ದೆನಲ್ಲ!

ಪೆಟ್ಟಿಗೆಯನ್ನು ಬೆಡ್‌ರೂಮಿನಲ್ಲಿ, ಮಡಚಿದ ಚಾದರದ ಮೇಲೆ ಇಟ್ಟು ಕಾಪಿ ಶುರು ಮಾಡಿದೆವು. ಆ ದಿನ ಹಿಟ್ಟು ಇಲ್ಲ ಎಂದು ಎಲ್ಲರಿಗೂ ಫೋನ್ ಮಾಡಿದೆ. ಸಂಜೆ ಏಳರ ಹೊತ್ತಿಗೆ ದೀಪ ಹಸಿರಾಯಿತು. "ಈಗ ಒಂದೊಂದೇ ಕೇಳಿ ನೋಡ್ರಿ, ಎಲ್ಲೆರೆ ಮುರದಾವೋ ಏನೋ" ಎಂದ ಬಸಣ್ಣ.

ನಿಜ ಹೇಳುತ್ತೇನೆ, ಅಷ್ಟು ಕಾಪಾಡಿದ ಆ ಸ್ವರವನ್ನು ನಾವು ಒಂದು ದಿನವೂ ಹಾಕಿ ಕೇಳಿರಲಿಲ್ಲ. ಅವರಿಗೆ ಸಂಕಟವಾದೀತೆಂದು ನಾನು, ನನಗೆ ಅಳು ಬಂದೀತೆಂದು ಅವರು. ಬಸಣ್ಣನಿಗೆ ಇದೆಲ್ಲ ಏನು ಗೊತ್ತು? ಲ್ಯಾಪ್‌ಟಾಪಿನಲ್ಲಿ ಒತ್ತಿಯೇಬಿಟ್ಟ.

"ಇಡ್ಲಿ, ವಡೆ, ಶೀರಾ, ಬನ್ಸ್, ನೀರ್ದೋಸೆ... ಏಯ್ ಶಾರದಾ, ಚಾ ಎಲ್ಲಿ? ಆಗಿಂದ ಕೇಳ್ತಾ ಇದ್ದೇನೆ!"

"ಬಂದೆ, ಬಂದೆ" ಎನ್ನುತ್ತ ನಾನು ಎದ್ದು ಅಡುಗೆಮನೆಯ ಬಾಗಿಲಿನವರೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ನೆನಪಾಯಿತು. ತಿರುಗಿ ನೋಡಿದರೆ ಯಜಮಾನರು ಭುಜ ಕುಣಿಸಿ ನಗುತ್ತಿದ್ದರು, ಕಣ್ಣಿನಲ್ಲಿ ನೀರು. ಚೀಟಿಯಲ್ಲಿ ಏನೋ ಗೀಚಿ ನನ್ನತ್ತ ಚಾಚಿದರು.

"ಪೆಟ್ಟಿಗೆಯೊಳಗಿನ ಈ ಮನುಷ್ಯನಿಗೆ ಎಷ್ಟು ಮಾತು ಮಾರಾಯ್ತಿ! ಮೊದಲು ಅವನಿಗೆ ಚಾ ಕೊಡು."

ಹೋಗಿ ಚಹಾ ಮಾಡಿ ತಂದೆ. ಯಜಮಾನರೇ ಒಂದು ಹನಿ ಬಿಡದೆ ಕುಡಿದರು. ಈಗ ಆ ಸ್ವರದ ಕಾಪಿ ನಾಲ್ಕು ಕಡೆ ಇದೆ. ಆದರೂ ಎರಡು ವರ್ಷ ಅದನ್ನು ಕೇಳದೆ ಇದ್ದೆವಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.