ಅಮ್ಮನ ಕಾಲ್ಗುಣ

ಇಷ್ಟು ವರ್ಷ ಮುಚ್ಚಿಟ್ಟ ಒಂದು ಮಾತಿದೆ. ನಮ್ಮ ಮೆಚ್ಚಿನ ಐಸ್ ಹಾಕಿ ತಂಡ ಭರ್ಜರಿಯಾಗಿ ಗೆದ್ದ ದಿನ ಅಮ್ಮ ಪಂದ್ಯ ನಡೆಯುವ ರಿಂಕ್ ಕಟ್ಟಡದ ಒಳಗೇ ಇದ್ದಳು. ನಾನೀಗ ಮೆಲ್ಬರ್ನ್‌ನ ಒಂದು ರಿಂಕ್‌ನಲ್ಲಿ ಕೆಲಸಕ್ಕಿದ್ದೇನೆ; ಶಾಲೆ ಬಿಟ್ಟ ಮೇಲೆ ಇದು ನನ್ನ ನಾಲ್ಕನೇ ಕೆಲಸ. ಇವತ್ತು ಇಲ್ಲಿ ಬಾಡಿಗೆಗೆ ಕೊಡುವ ಸ್ಕೇಟ್ ಬೂಟು ಒರೆಸುವಾಗ ಒದ್ದೆ ರಬ್ಬರ್ ವಾಸನೆಗೆ ಅದು ನೆನಪಾಯಿತು.

ಆಗ ಸಿಡ್ನಿಯಲ್ಲಿ ನಮ್ಮ ತಂಡ ಒಂದು ವಾರ ಗೆದ್ದರೆ ಮರುವಾರ ಸೋಲುತ್ತಿತ್ತು. ಅಮ್ಮ ಬಂದ ಮೊದಲೆರಡು ಪಂದ್ಯಗಳಲ್ಲೂ ಸೋತಿತು. "ನಿನ್ ಕಾಲ್ಗುಣ ಕಣೇ," ಎಂದು ಅಪ್ಪ ನಕ್ಕರು. ಅಮ್ಮನೂ ನಕ್ಕಳು. ಆಮೇಲೆ ಪ್ರತಿ ಶನಿವಾರ ಪಂದ್ಯ ಮುಗಿಯುವವರೆಗೂ ಅವಳು ಫ್ಲಾಸ್ಕಿನ ಕಾಫಿ ಕುಡಿಯುತ್ತ ಕಾರಿನಲ್ಲೇ ಕಾಯುತ್ತಿದ್ದಳು. ರಿಂಕ್ ಒಳಗೆ ಅಪ್ಪನ ಪಕ್ಕದ ಸೀಟು ನನ್ನದಾಯಿತು.

ಒಂದು ಶನಿವಾರ ನಾನು ಟಾಯ್ಲೆಟ್ಟಿಗೆ ಎದ್ದಾಗ, ಕೊನೆಯ ಸಾಲಿನ ಹಿಂದೆ ಅಮ್ಮ ಶಾಲು ಹೊದ್ದು ನಿಂತಿದ್ದಳು. ನಾವು ಐದು ಗೋಲು ಮುಂದಿದ್ದೆವು. "ಶುರುವಿಂದ ಇಲ್ಲೇ ಇದೀನಿ ಪುಟ್ಟಿ," ಎಂದಳು. ಮುಖ ಅರಳಿತ್ತು.

ಮನೆಗೆ ಹೋಗುವಾಗ ಅಪ್ಪ, "ನೋಡ್ದ್ಯಾ, ನೀನು ಹೊರಗಿದ್ರೆ ಗೆಲ್ತೀವಿ," ಎಂದರು.

"ನಾನೂ ಒಳಗೇ ಇದ್ದೆ ರೀ. ಬೇಕಾದ್ರೆ ಪುಟ್ಟೀನ ಕೇಳಿ."

"ಹೌದೇನೇ? ಅಮ್ಮನ್ನ ನೋಡ್ದ್ಯಾ?"

ಹೌದೆಂದರೆ ಅಪ್ಪನ ಪಕ್ಕದ ನನ್ನ ಸೀಟು ಹೋಗುತ್ತದೆ ಅನ್ನಿಸಿತು. "ನೋ, ಅಪ್ಪ," ಎಂದೆ.

ಅಮ್ಮ ಕಾರಿನ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಆ ಸೀಸನ್ ತಂಡ ಇನ್ನೂ ಎಷ್ಟೋ ಸಲ ಸೋತಿತು, ಅಮ್ಮ ಕಾರಿನಲ್ಲಿ ಕೂತಿದ್ದಾಗಲೇ. ಮತ್ತೆಂದೂ ಅವಳು ಒಳಗೆ ಬರಲಿಲ್ಲ.

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಸಿಡ್ನಿಯಲ್ಲೇ ಇರುವ ಅಪ್ಪ ಈಗಲೂ ಬಂದವರಿಗೆಲ್ಲ ಅವಳ ಕಾಲ್ಗುಣದ ತಮಾಷೆ ಹೇಳುತ್ತಾರೆ. ಅವತ್ತು ಕಾರಿನಲ್ಲಿ ನಾನು ಸುಳ್ಳು ಹೇಳಿದ್ದನ್ನು ಅವರಿಗೆ ಫೋನಿನಲ್ಲಿ ಹೇಳಲಾರೆ. ನಾಳೆ ಬೆಳಿಗ್ಗೆ ಸಿಡ್ನಿಗೆ ಹೊರಡುತ್ತಿದ್ದೇನೆ.