ತಾತ ಎದ್ದರೆ ವಿಕೆಟ್

ಗೆಳೆಯರೇ, ಇವತ್ತು ಚೆನ್ನೈನ ಪೆರಂಬೂರಿನ ನಮ್ಮ ಮನೆಯಲ್ಲಿ ತಾತ ನಡೆದರು, ಫಿಸಿಯೋ ಬೇಡ ಅಂದರೂ.

ಸ್ಟ್ರೋಕ್ ಆದಮೇಲೆ ತಾತನ ಎಡಗಾಲು ಎಳೆಯುತ್ತದೆ. ವಾಕರ್ ಹಿಡಿಸಿ ಬಾಲ್ಕನಿವರೆಗೆ ನಡೆಸಲು ಫಿಸಿಯೋ ಕಾರ್ತಿಕ್ ದಿನಾ ಸಂಜೆ ಬರುತ್ತಾರೆ. ಇವತ್ತು ಬಂದಾಗ ಟಿವಿಯಲ್ಲಿ ಚೆನ್ನೈ-ಬೆಂಗಳೂರು ಮ್ಯಾಚು. ತಾತ ಕುರ್ಚಿ ಬಿಟ್ಟು ಏಳಲೊಲ್ಲರು. ಬ್ಯಾಟಿಂಗ್ ನಡೆಯುವಾಗ ಯಾರಾದರೂ ಜಾಗ ಬಿಟ್ಟು ಎದ್ದರೆ ವಿಕೆಟ್ ಬೀಳುತ್ತದೆ ಎಂಬುದು ನಮ್ಮ ಮನೆಯ ಹಳೇ ನಂಬಿಕೆ.

"ನೆಪ ಹೇಳ್ಬೇಡಿ, ಕಾಲು ಹಾಗೇ ಮರಗಟ್ಟಿ ಹೋಗತ್ತೆ," ಅಜ್ಜಿ ಗದರಿದರು.

"ರೂಲ್ಸ್ ಅಂದ್ರೆ ರೂಲ್ಸೇ ಕಣೇ," ಎಂದರು ತಾತ.

ಅಷ್ಟರಲ್ಲಿ ನನಗೆ ಹೊಳೆಯಿತು. "ತಾತ, ಈಗ ಬ್ಯಾಟಿಂಗ್ ಮಾಡ್ತಿರೋರು ಚೆನ್ನೈಯೋರಲ್ವಾ? ಬೀಳ್ಲಿ ಬಿಡಿ."

ತಾತ ಒಂದು ಕ್ಷಣ ಯೋಚಿಸಿ ವಾಕರ್‌ಗೆ ಕೈ ಚಾಚಿದರು. ಅವರು ಬಾಲ್ಕನಿ ಬಾಗಿಲು ಮುಟ್ಟುವಷ್ಟರಲ್ಲಿ ಒಂದು ವಿಕೆಟ್ ಬಿತ್ತು. ತಿರುಗಿ ಬರುವಾಗ ಇನ್ನೊಂದು. ಖುಷಿಗೆ ತಾತ ವಾಕರ್‌ನಿಂದ ಒಂದು ಕೈ ತೆಗೆದು ಮೇಲೆತ್ತಿದರು. ಬೀಳಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಾರ್ತಿಕ್ ಮಾತ್ರ ಸ್ಕೋರ್ ನೋಡುತ್ತಾ, "ಪೋದುಂ ಸಾರ್, ಉಕ್ಕಾರುಂಗ," ಎಂದರು.

"ಸಾಕು, ಕೂತ್ಕೊಳ್ಳಿ ಅಂದ್ರೆ ಹೇಗಪ್ಪಾ? ಇನ್ನೊಂದು ರೌಂಡ್ ಹೋಗ್ಬರ್ತೀನಿ," ಎನ್ನುತ್ತಾ ತಾತ ಮತ್ತೆ ಹೊರಟೇಬಿಟ್ಟರು.

ಪೇಷೆಂಟು ನಡೆದದ್ದಕ್ಕೆ ಫಿಸಿಯೋ ಮುಖ ಇಷ್ಟು ಸಣ್ಣಗಾದದ್ದನ್ನು ನಾನಂತೂ ಇದೇ ಮೊದಲು ನೋಡಿದ್ದು.